ಪ್ರಸನ್ನ ಪದರದ ಕೆಳಗಿನ ಮುಖ

ನಮ್ಮ ಗದಗಿನಲ್ಲಿ ಸಿಟ್ಟಿನ ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಊರಿನಲ್ಲಿ ಸಿಟ್ಟೇ ಇರಲಿಲ್ಲ ಅಂತಲ್ಲ. ಸಿಟ್ಟು ಮೊದಲಿಗಿಂತ ಹೆಚ್ಚೇ ಇತ್ತು, ಕಾಣಿಸುತ್ತಿರಲಿಲ್ಲ ಅಷ್ಟೆ. ಸಂತೆಯಲ್ಲಿ ತೂಕ ಹೊಡೆದ ಬದನೆಕಾಯಿಯವನನ್ನು ನೀವು ಬಾಯಿಗೆ ಬಂದಂತೆ ಬೈಯಿರಿ, ಅವನಿಗೆ ಕಾಣುವುದು ನಿಮ್ಮ ಮಂದಹಾಸ. ಅವನು ತಿರುಗಿ ಬೈಯುತ್ತಾನೆ, ನಿಮಗೆ ಕಾಣುವುದು ಅವನ ಮಂದಹಾಸ. ಮದುವೆ ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ಹಾಗೆ ಇಬ್ಬರೂ ನಗುನಗುತ್ತ ಒಬ್ಬರ ವಂಶ ಒಬ್ಬರು ಜಾಲಾಡುತ್ತಿದ್ದೆವು. ಥೂ, ಅದೂ ಒಂದು ಬಾಳ್ವೆಯೇ!

ಇದೆಲ್ಲ ಬಿಲ್ಲೆಯ ಪ್ರತಾಪ. ಕಣ್ಣಿನ ಪೊರೆ ತೆಗೆದು ಒಳಗೆ ಮಸೂರ ಕೂರಿಸುತ್ತಾರಲ್ಲ, ಹಾಗೆ ಶಿಬಿರ ಹಾಕಿ, ಬಾಳೆಹಣ್ಣು ಬಿಸ್ಕೀಟು ಕೊಟ್ಟು, ಎಲ್ಲರ ಕಣ್ಣೊಳಗೂ ಒಂದೊಂದು ಬಿಲ್ಲೆ ಕೂರಿಸಿದರು. ಕನ್ನಡಕದ ಹಾಗೆ ತೆಗೆದು ಗೂಟಕ್ಕೆ ಹಾಕುವ ವಸ್ತುವಲ್ಲ ಅದು. ಮೊದಮೊದಲು ಚೆನ್ನಾಗಿಯೇ ಇತ್ತು. ಬಸ್ಸು ದೂರದಲ್ಲಿರುವಾಗಲೇ ಅದರ ನೆತ್ತಿಯ ಮೇಲೆ ಊರಿನ ಹೆಸರು ಹೊಳೆಯುತ್ತಿತ್ತು. ಆಮೇಲೆ ಜಾಹೀರಾತು ಬಂತು. ಆಮೇಲೆ ಪುಢಾರಿಗಳ ಹುಟ್ಟುಹಬ್ಬದ ಶುಭಾಶಯಗಳು ಆಕಾಶಕ್ಕೇ ಏರಿದವು; ಫ್ಲೆಕ್ಸ್ ಕಟ್ಟುವ ಬಿದಿರಿನ ಖರ್ಚು ಉಳಿಯಿತು. ಕಡೆಗೆ ನಮ್ಮ ಮುಖಗಳ ಸರದಿ.

ಶಿಬಿರದಲ್ಲಿ ಪ್ರತಿಯೊಬ್ಬರ ಮುಖವನ್ನೂ ಎಲ್ಲ ದಿಕ್ಕಿನಿಂದ ಫೋಟೋ ತೆಗೆದಿದ್ದರು. ಅದಕ್ಕೆ ತಳಚಿತ್ರ ಎನ್ನುತ್ತಾರೆ. ನೀವು ನನ್ನ ಎದುರು ಬಂದರೆ ನನ್ನ ಬಿಲ್ಲೆ ನಿಮ್ಮನ್ನು ಗುರುತಿಸಿ, ನಿಮ್ಮ ತಳಚಿತ್ರವನ್ನು ತರಿಸಿ, ನಿಮ್ಮ ಜೀವಂತ ಮುಖದ ಮೇಲೆ ಹೊದಿಸುತ್ತದೆ. ಬಾಯಿ ತೆರೆದರೆ ಚಿತ್ರವೂ ಬಾಯಿ ತೆರೆಯುತ್ತದೆ. ಆ ಚಿತ್ರದ ಮೇಲೆ ಕಂಪನಿಯವರು ಇನ್ನೊಂದು ಲೇಯರ್ ಹಾಕಿದರು. ಹುಬ್ಬಿನ ಗಂಟು ಬಿಚ್ಚುವ, ತುಟಿಯ ತುದಿ ಒಂಚೂರು ಎತ್ತುವ, ಬೆವರು ಒರೆಸುವ ಲೇಯರ್. ಊರಿನ ಜಗಳ ಕಡಿಮೆಯಾಗಲಿ ಅಂತ ಅದಕ್ಕೆ ಪ್ರಸನ್ನ ಪದರ ಎಂದು ಹೆಸರಿಟ್ಟು, ದೀಪ ಹಚ್ಚಿ, ಭಾಷಣ ಮಾಡಿ, ಲಾಡು ಹಂಚಿದರು.

ಆ ಲಾಡು ತಿಂದವರಲ್ಲಿ ನಾನೂ ಒಬ್ಬಳು. ನಾನು ಇಂದುಮತಿ ಹುಯಿಲಗೋಳ. ಗದಗ ಅಂದರೆ ಮುದ್ರಣ ಕಾಶಿ. ನಾನು ಆ ಕಾಶಿಯ ಪ್ರೆಸ್ಸಿನಲ್ಲಿ ಮದುವೆ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಶಾಲೆಯ ಕ್ಯಾಲೆಂಡರು ಮಾಡಿಕೊಂಡಿದ್ದವಳು. ಕಾಗದದ ಕಾಲ ಮುಗಿದು ಪ್ರೆಸ್ಸುಗಳು ಮುಚ್ಚಿದಾಗ ಈ ಲೇಯರುಗಳನ್ನು ನಡೆಸುವ ಪದರ ಕೇಂದ್ರದವರು ನಮ್ಮನ್ನೆಲ್ಲ ಒಟ್ಟಿಗೆ ಕೆಲಸಕ್ಕೆ ತೆಗೆದುಕೊಂಡರು. ಚಿತ್ರಕ್ಕೂ ಅಕ್ಷರಕ್ಕೂ ಗಂಟು ಹಾಕುವುದು ಗದಗಿನವರಷ್ಟು ಯಾರಿಗೆ ಬರುತ್ತದೆ?

ಪ್ರೆಸ್ಸಿನಿಂದ ನಾವು ಎರಡು ರೂಢಿ ಹೊತ್ತುಕೊಂಡು ಬಂದಿದ್ದೆವು. ಒಂದು, ಪ್ರೂಫ್ ನೋಡುವ ರೂಢಿ. ಹಳೆಯ ಪ್ರೂಫಿನ ಮೇಲೆ ಹೊಸದನ್ನು ಇಟ್ಟು ಡಿಫರೆನ್ಸ್ ಒತ್ತುವುದು. ಎರಡೂ ಒಂದೇ ಇದ್ದರೆ ಒಂದನ್ನೊಂದು ನುಂಗಿ ಪೂರಾ ಕಪ್ಪಾಗುತ್ತದೆ. ಎಲ್ಲಿ ಬೇರೆಯಾಗಿದೆಯೋ ಅಲ್ಲಿ ಮಾತ್ರ ಬೆಳಗುತ್ತದೆ. ಇನ್ನೊಂದು, ಫ್ಲ್ಯಾಟ್ ಮಾಡುವ ರೂಢಿ. ನಮ್ಮ ಯಂತ್ರದಲ್ಲಿ ಅಂದವಾಗಿ ಕೂತ ಕನ್ನಡ ಅಕ್ಷರ ಬೇರೆಯವರ ಯಂತ್ರಕ್ಕೆ ಹೋಯಿತೋ, ಒತ್ತಕ್ಷರ ಒಂದು ಕಡೆ, ಕೊಂಬು ಒಂದು ಕಡೆ ಚೆಲ್ಲಾಪಿಲ್ಲಿ. ವಧುವಿನ ತಂದೆ ಕಾರ್ಡು ಹಿಡಿದುಕೊಂಡು ಬಂದು ಹೊಡೆಯುವುದೊಂದು ಬಾಕಿ. ಅದಕ್ಕೇ ಅಕ್ಷರವನ್ನು ಬರೀ ಗೆರೆಯ ಚಿತ್ರ ಮಾಡಿ, ಎಲ್ಲ ಲೇಯರುಗಳನ್ನೂ ಒಂದಕ್ಕೊಂದು ಬೆಸೆದು, ಒಂದೇ ಚಿತ್ರವಾಗಿ ಚಪ್ಪಟೆ ಮಾಡಿ ಕಳಿಸುತ್ತಿದ್ದೆವು. ಹಾಗೆ ಕಳಿಸಿದ್ದನ್ನು ಯಾರೂ ಕೆಡಿಸಲಾರರು. ಯಾರೂ ಬಿಡಿಸಲಾರರು ಕೂಡ.

ಕೇಂದ್ರದಲ್ಲಿ ಫ್ಲ್ಯಾಟ್ ಮಾಡಬಾರದು ಅಂತ ಕಟ್ಟಪ್ಪಣೆ. ಮುಖ ಬೇರೆ, ಪದರ ಬೇರೆ, ಅಕ್ಷರ ಬೇರೆ ಇರಬೇಕು. ಆದರೆ ನನ್ನ ಪಕ್ಕದಲ್ಲಿ ಕೂರುವ ರುದ್ರಪ್ಪ ಅಣ್ಣಿಗೇರಿಗೆ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಫ್ಲ್ಯಾಟ್ ಮಾಡಿದ ಬೆರಳುಗಳು. ತಲೆ ಬೇಡ ಅಂದರೂ ಬೆರಳು ಕೇಳಬೇಕಲ್ಲ.

ಇನ್ನು ಮನೆಯ ಕಥೆ. ಬೆಟಗೇರಿಯಲ್ಲಿ ನಮ್ಮ ಮಾವ ಕಟ್ಟಿಸಿದ ಮನೆಗೆ ನಡುವೆ ಗೋಡೆ ಎದ್ದಿದೆ. ಈ ಕಡೆ ನಾನು, ನನ್ನ ಗಂಡ. ಆ ಕಡೆ ಸಾವಂತ್ರವ್ವ. ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಭಾವ ತೀರಿಹೋದ ಮೇಲೆ ಆಕೆ ಮುಂದಿನ ಪಡಸಾಲೆಯಲ್ಲಿ ಖಾನಾವಳಿ ಹಾಕಿದಳು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹಿಟ್ಟಿನ ಪಲ್ಯ, ಗುರೆಳ್ಳು ಚಟ್ನಿ, ಕೆನೆ ಮೊಸರು. ಆಕೆ ರೊಟ್ಟಿ ತಟ್ಟುವ ಸಪ್ಪಳಕ್ಕೇ ಅರ್ಧ ಹಸಿವೆಯಾಗುತ್ತಿತ್ತು. ಹತ್ತಿ ಮಾರ್ಕೆಟ್ಟಿನ ಹಮಾಲರೆಲ್ಲ ಆಕೆಯ ಗಿರಾಕಿಗಳು. ನನ್ನ ಗಂಡನೂ ಗಿರಾಕಿಯೇ, ಕದ್ದು! ನನ್ನ ಕೈ ಅಡಿಗೆ ಉಂಡು ಎದ್ದ ಮನುಷ್ಯ ಓಣಿ ಸುತ್ತಿ ಹೋಗಿ ಅತ್ತಿಗೆಯ ಹತ್ತಿರ ಇನ್ನೊಂದು ರೊಟ್ಟಿ ತಿಂದು ಬರುತ್ತಿದ್ದ.

ನನಗೂ ಆಕೆಗೂ ಹಾವು ಮುಂಗುಸಿ. ಕಾರಣ ಹಿತ್ತಿಲಿನ ನಳ. ನೀರು ಬರುವ ದಿನ ಮೊದಲು ಯಾರ ಕೊಡ ಇಡಬೇಕು ಎಂಬುದು ಇತ್ಯರ್ಥವಾಗಿರಲಿಲ್ಲ. ಮೊದಲಾದರೆ ವಾರಕ್ಕೊಮ್ಮೆ ಮುಖಾಮುಖಿ ನಿಂತು ಕೂಗಾಡಿ, ಮೂಗು ಸೀಟಿ, ಒಳಗೆ ಹೋಗುತ್ತಿದ್ದೆವು. ಎರಡು ದಿನಕ್ಕೆ ಆಕೆಯೇ ಚಟ್ನಿ ಕಳಿಸುತ್ತಿದ್ದಳು. ಬಿಲ್ಲೆ ಬಂದ ಮೇಲೆ ಜಗಳಕ್ಕೆ ಉಪ್ಪೂ ಇಲ್ಲ, ಹುಳಿಯೂ ಇಲ್ಲ. ನಾನು ಹರಿಹಾಯ್ದರೆ ಆಕೆ ನಗುತ್ತಾಳೆ. ಆಕೆ ಕಣ್ಣೀರು ಹಾಕಿದರೂ ನನಗೆ ನಗುವೇ ಕಾಣುತ್ತದೆ. ‘ಎಷ್ಟು ಕೊಬ್ಬು ಈಕೆಗೆ’ ಅಂದುಕೊಂಡು ಮಾತೇ ಬಿಟ್ಟೆವು. ಹೊರಗೆ ಬಾರದ ಸಿಟ್ಟು ಒಳಗೆ ಕೂತು ಹಳಸಿತು.

ಊರಿಗೂ ಅದೇ ರೋಗ. ಮುಖದಲ್ಲಿ ತೋರಿಸಲಾಗದ ಸಿಟ್ಟನ್ನು ಜನ ಬೇರೆ ಕಡೆ ಕಾರತೊಡಗಿದರು. ಕಣ್ಣು ಎರಡು ಸಲ ಗಟ್ಟಿಯಾಗಿ ಮುಚ್ಚಿದರೆ ಎದುರಿಗಿದ್ದವರ ಮೇಲೆ ದೂರು ದಾಖಲಾಗುತ್ತಿತ್ತು. ಅದಕ್ಕೆ ದೂರು ಒತ್ತುವುದು ಎನ್ನುತ್ತಿದ್ದೆವು. ಹೆಸರು ಹೇಳಬೇಕಿಲ್ಲ, ಸಾಕ್ಷಿ ಬೇಕಿಲ್ಲ. ಒಬ್ಬರ ಮೇಲೆ ದೂರುಗಳು ಗುಂಪಾಗಿ ಬಂದರೆ ಕೇಂದ್ರ ಅವರ ಹಣೆಯ ಮೇಲೆ ಎಚ್ಚರಿಕೆ ಬರೆಯುತ್ತಿತ್ತು. ಬರೆಯುವವರು ನಾವೇ. ಅಕ್ಷರವನ್ನು ಕೆಳಗಿನ ಬಣ್ಣದೊಂದಿಗೆ ಬೆರೆಸುವ ಮಲ್ಟಿಪ್ಲೈಗೆ ಹಾಕಿದರೆ ಅದು ಚರ್ಮದೊಳಗೆ ಇಳಿದು ಹಚ್ಚೆ ಚುಚ್ಚಿದಂತೆ ಕೂರುತ್ತದೆ. ಹಣೆ ಸುಕ್ಕಾದರೆ ಅಕ್ಷರವೂ ಸುಕ್ಕಾಗುತ್ತದೆ. ಅಷ್ಟು ಚೆಂದದ ಕೆಲಸ!

ಒಂದು ಸೋಮವಾರ ಹಮಾಲರಲ್ಲಿ ಹನ್ನೆರಡು ಜನ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು. ಎಲ್ಲರೂ ಸಾವಂತ್ರವ್ವನ ಖಾನಾವಳಿಯಲ್ಲಿ ಉಂಡವರು. ಇಡೀ ಊರು ಆಕೆಯ ಬಾಗಿಲ ಮುಂದೆ ಹಾದು ಎರಡೆರಡು ಸಲ ಕಣ್ಣು ಮುಚ್ಚಿ ತೆರೆಯಿತು. ಮಧ್ಯಾಹ್ನದೊಳಗೆ ರುದ್ರಪ್ಪನ ಮೇಜಿಗೆ ಆದೇಶ ಬಂತು, ಸಂಜೆಯೊಳಗೆ ಸಾವಂತ್ರವ್ವನ ಹಣೆಯಿಂದ ಕೆನ್ನೆಯ ತನಕ ಅಕ್ಷರ ಇಳಿದಿತ್ತು: ‘ಎಚ್ಚರ! ವಿಷದ ಊಟ.’

ನಾನು ಮನೆಗೆ ಬಂದಾಗ ಆಕೆ ಹಿತ್ತಿಲಲ್ಲಿ ನಿಂತಿದ್ದಳು. ಮುಖದ ತುಂಬ ಕೆಂಪು ಅಕ್ಷರ, ಅದರ ಕೆಳಗೆ ಪ್ರಸನ್ನ ನಗು.

"ಬಂದೇನ ಮನಿಮುರುಕಿ?" ಎಂದಳು. "ನಳದ ನೀರಿನ ಸಲುವಾಗಿ ನನ್ನ ಅನ್ನಕ್ಕ ಮಣ್ಣು ಹಾಕಿದೆಲ್ಲ! ನೀ ಅದಾ ಕೇಂದ್ರದಾಗ ಕುಂತೀ. ನೀ ಒತ್ತದ ಇನ್ಯಾರ ಒತ್ತತಾರ?"

"ಅಕ್ಕಾ, ನಾ ಒತ್ತಿಲ್ಲ. ನನ್ನ ಮಕ್ಕಳಾಣಿ ಒತ್ತಿಲ್ಲ."

"ಆಣಿ ಮಾಡ್ಕೋತ ನಗತೀ ನೋಡ!" ಆಕೆ ಕೈಯಲ್ಲಿದ್ದ ತಾಮ್ರದ ಕೊಡವನ್ನು ಕಲ್ಲಿಗೆ ಅಪ್ಪಳಿಸಿದಳು. "ನಿನ್ನ ಮಾರಿ ನೋಡಿದ್ರ ಗೊತ್ತಾಗತೈತಿ."

ನನ್ನ ಮುಖ ನಗುತ್ತಿರಲಿಲ್ಲ. ಆದರೆ ಅದನ್ನು ಆಕೆಗೆ ತೋರಿಸುವುದು ಹೇಗೆ? ಒಳಗೆ ಬಂದು ಗಂಡನ ಮೇಲೆ ರೇಗಿದೆ. "ನೀವರ ಹೇಳ್ರಿ, ನಾ ಅಂಥಾಕೀ ಏನ?" ಆತ ನನ್ನ ಮುಖವನ್ನೇ ದಿಟ್ಟಿಸಿ ನೋಡಿದ. ಆಮೇಲೆ, "ನನಗೂ ಮಾರಿ ಕಾಣವಲ್ದಲ್ಲ ಇಂದೂ" ಎಂದ. ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡ! ಆ ಮಾತು ನನಗೆ ಬೆಂಕಿ ಹಚ್ಚಿತು.

ಸಾವಂತ್ರವ್ವನ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿದೆ. ಊರಿಗಿಲ್ಲ. ಆಕೆ ಜಗಳಗಂಟಿ, ಹಟಮಾರಿ, ಕೊಡ ಇಡುವುದರಲ್ಲಿ ಮಹಾ ಮೋಸಗಾರ್ತಿ. ಆದರೆ ಉಣ್ಣುವವರ ಎಲೆಗೆ ವಿಷ ಹಾಕುವ ಕೈ ಅಲ್ಲ ಅದು. ಹಿಂದಿನ ದಿನದ ಪಲ್ಯ ಮಿಕ್ಕರೆ ಹಸುವಿಗೆ ಹಾಕುತ್ತಾಳೆಯೇ ಹೊರತು ಮನುಷ್ಯರಿಗೆ ಬಡಿಸಿದವಳಲ್ಲ.

ವಾರದೊಳಗೆ ಸತ್ಯ ಹೊರಬಂತು. ಆ ಹಮಾಲರೆಲ್ಲ ಹಿಂದಿನ ದಿನ ಒಂದು ಮದುವೆಯಲ್ಲಿ ಹಳಸಿದ ಶ್ರೀಖಂಡ ತಿಂದು ಬಂದಿದ್ದರು. ಶ್ರೀಖಂಡ ತಿಂದ ಬೀಗರ ಕಡೆಯವರೂ ಆಸ್ಪತ್ರೆಯಲ್ಲಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಡಾಕ್ಟರು ಬರೆದುಕೊಟ್ಟರು, ಕೇಂದ್ರಕ್ಕೆ ಆದೇಶ ಬಂತು: ಸಾವಂತ್ರವ್ವನ ಮುಖದ ಮೇಲಿನ ಅಕ್ಷರ ಅಳಿಸತಕ್ಕದ್ದು.

ರುದ್ರಪ್ಪ ಆಕೆಯ ಮುಖ ತೆರೆದ. ಅಳಿಸು ಎಂದು ಒತ್ತಿದ. ‘ಈ ಮುಖದ ಮೇಲೆ ಯಾವ ಅಕ್ಷರವೂ ಇಲ್ಲ’ ಎಂದಿತು ಯಂತ್ರ. ಪರದೆಯ ಮೇಲೆ ‘ವಿಷ’ ಅಂತ ಕಣ್ಣಿಗೆ ರಾಚುತ್ತಿದೆ, ಯಂತ್ರ ಇಲ್ಲ ಅನ್ನುತ್ತಿದೆ.

"ರುದ್ರಪ್ಪಣ್ಣಾ," ಎಂದೆ, "ಫ್ಲ್ಯಾಟ್ ಮಾಡಿಯೇನ?"

ಆತ ತನ್ನ ಬೆರಳುಗಳನ್ನು ನೋಡಿಕೊಂಡ. "ಕೈ ರೂಢಿ ತಂಗಿ. ಅವತ್ತ ಅವಸರ ಮಾಡಿದ್ರು. ಅಕ್ಷರ ಒಡೀಬಾರದು ಅಂತ..."

ಮುಖ, ಪ್ರಸನ್ನ ಪದರ, ಅಕ್ಷರ ಮೂರೂ ಬೆಸೆದು ಒಂದೇ ಚಿತ್ರವಾಗಿದ್ದವು. ಆ ಚಿತ್ರವೇ ಆಕೆಯ ತಳಚಿತ್ರವಾಗಿ ಕೂತಿತ್ತು. ಯಂತ್ರದ ಪಾಲಿಗೆ ಸಾವಂತ್ರವ್ವ ಹುಟ್ಟುವಾಗಲೇ ಹಣೆಯ ಮೇಲೆ ವಿಷ ಬರೆದುಕೊಂಡು ಹುಟ್ಟಿದವಳು. ಹೊಸದಾಗಿ ಫೋಟೋ ತೆಗೆದು ಹಾಕೋಣವೆಂದರೆ, ಹೊಸ ಮುಖ ಹಳೆಯದಕ್ಕೆ ಹೊಂದಬೇಕು. ಹೊಸದರಲ್ಲಿ ಅಕ್ಷರವಿಲ್ಲ, ಹೊಂದುವುದಿಲ್ಲ. ‘ಈಕೆ ಬೇರೆ ಯಾರೋ’ ಅಂದುಬಿಟ್ಟಿತು ಯಂತ್ರ. ಹಳೆಯದನ್ನು ತೆಗೆದುಹಾಕಲು ಒಂದೇ ದಾರಿ, ಕೇಂದ್ರದ ಮುಖ್ಯಸ್ಥರ ಕೀಲಿ.

ಮುಖ್ಯಸ್ಥರು ಇನಾಮದಾರ ಸಾಹೇಬರು. ದಡ್ಡರಲ್ಲ. ನಾನು ಹೇಳಿದ್ದು ಅವರಿಗೆ ಮೊದಲ ಮಾತಿಗೇ ಅರ್ಥವಾಯಿತು. ಅದೇ ತೊಂದರೆ.

"ನೋಡ್ರಿ ಇಂದುಮತಿಯವರ," ಎಂದರು, ತಂಪಾಗಿ ನಗುತ್ತ. "ದಾಖಲೆ ಪ್ರಕಾರ ಆಕೀ ಮಾರಿ ಮ್ಯಾಲೆ ಅಕ್ಷರ ಇಲ್ಲ. ಇಲ್ಲದ್ದನ್ನ ತಗೀಲಿಕ್ಕೆ ಹ್ಯಾಂಗ ಬರ್ತದ?"

"ಸಾಹೇಬ್ರ, ನಿಮ್ಮ ಕಣ್ಣಿಗೆ ಕಾಣವಲ್ದೇನ್ರಿ?"

"ಕಾಣ್ತದ. ಆದ್ರ ನಮ್ಮಿಂದ ತಪ್ಪಾಗೇದ ಅಂತ ಒಮ್ಮೆ ಕೀಲಿ ತಿರುವಿದ್ರ, ನಾಳೆ ಹಣೀ ಮ್ಯಾಲೆ ಎಚ್ಚರಿಕೆ ಇದ್ದವರೆಲ್ಲಾ ಬಾಗಿಲಿಗೆ ಬಂದು ನಿಂದರ್ತಾರ. ಯಾರದು ಖರೇ, ಯಾರದು ಸುಳ್ಳು? ಇಡೀ ವ್ಯವಸ್ಥಾ ಕೂತುಬಿಡ್ತದ. ಒಬ್ಬಾಕಿ ಸಲುವಾಗಿ ಊರ ಶಾಂತಿ ಕೆಡಿಸ್ಲಿಕ್ಕೆ ಆಗೂದಿಲ್ಲ."

"ಆಕಿ ಹೊಟ್ಟಿಗೇನ ತಿನ್ನಬೇಕ್ರಿ?"

"ಬ್ಯಾರೆ ಏನರ ಕೆಲಸಾ ನೋಡ್ಕೋಲಿ. ಅಡಿಗೀ ಬಿಟ್ಟು."

ನಾನು ಅವರ ಮೇಜಿನ ಮೇಲೆ ಉಗುಳುವುದೊಂದು ಬಾಕಿ. ಉಗುಳಿದ್ದರೂ ನಗುನಗುತ್ತಲೇ ಉಗುಳಿದ ಹಾಗೆ ಕಾಣುತ್ತಿತ್ತು.

ಖಾನಾವಳಿ ಬಿಕೋ ಎನ್ನುತ್ತಿತ್ತು. ಸಾವಂತ್ರವ್ವ ಆದರೂ ದಿನಾ ಒಲೆ ಹೊತ್ತಿಸಿ, ಹಿಟ್ಟು ನಾದಿ, ರೊಟ್ಟಿ ತಟ್ಟುತ್ತಿದ್ದಳು. ಹಮಾಲರು ಆ ಕಡೆ ರಸ್ತೆಯಲ್ಲಿ ಹೋಗುವಾಗ ವಾಸನೆಗೆ ಒಂದು ಗಳಿಗೆ ನಿಲ್ಲುತ್ತಿದ್ದರು. ಶ್ರೀಖಂಡದ ವಿಷಯ ಅವರಿಗೂ ಗೊತ್ತಿತ್ತು. ಆದರೆ ಎದುರಿಗೆ ವಿಷ ಎಂದು ಬರೆದಿರುವಾಗ, ಅದರ ಕೆಳಗೆ ಆ ಮುಖ ನಗುತ್ತಿರುವಾಗ, ತುತ್ತು ಗಂಟಲಲ್ಲಿ ಇಳಿಯುವುದು ಹೇಗೆ? ಸಂಜೆ ಬುಟ್ಟಿಗಟ್ಟಲೆ ರೊಟ್ಟಿ ಹಸುಗಳ ಪಾಲು. ನನ್ನ ಗಂಡನೂ ಓಣಿ ಸುತ್ತುವುದು ಬಿಟ್ಟಿದ್ದ. ನಾನು ಅದಕ್ಕೂ ಬೈದೆ. "ಕದ್ದು ತಿನ್ನೂ ಮುಂದ ಧೈರ್ಯ ಇತ್ತು, ಈಗ ಎಲ್ಲಿ ಹೋತ್ರಿ?"

ಒಂದು ದಿನ ಕೇಂದ್ರದಲ್ಲಿ ಹೊಸ ಶುಭಾಶಯದ ಪ್ರೂಫ್ ನೋಡುತ್ತಿದ್ದೆ. ಯಾವನೋ ಪುಢಾರಿಯ ಹುಟ್ಟುಹಬ್ಬ. ಹಳೆಯದರ ಮೇಲೆ ಹೊಸದನ್ನು ಇಟ್ಟು ಡಿಫರೆನ್ಸ್ ಒತ್ತಿದೆ. ಎರಡೂ ಒಂದೇ ಇದ್ದವು. ಪುಢಾರಿ, ಅವನ ಮೀಸೆ, ಬೆನ್ನ ಹಿಂದಿನ ಸೂರ್ಯ, ಬಂಗಾರದ ಅಕ್ಷರ ಎಲ್ಲ ಒಂದನ್ನೊಂದು ನುಂಗಿ ಕಪ್ಪು. ನಾನು ಕೈ ಎತ್ತದೆ ಹಾಗೇ ಕೂತೆ.

ಬಿಲ್ಲೆಯ ಲೆಕ್ಕದಲ್ಲಿ ಪೂರಾ ಕಪ್ಪು ಅಂದರೆ ಸೊನ್ನೆ. ಸೊನ್ನೆ ಅಂದರೆ ಇಲ್ಲಿ ಹೊದಿಸುವುದು ಏನೂ ಇಲ್ಲ ಎಂದು. ಸಾವಂತ್ರವ್ವನ ಕೆಟ್ಟ ತಳಚಿತ್ರದ ಮೇಲೆ ಅದರದ್ದೇ ನಕಲನ್ನು ಇಟ್ಟು ಡಿಫರೆನ್ಸ್ ಒತ್ತಿದರೆ? ಅಕ್ಷರ ಹೋಗುತ್ತದೆ. ನಗು ಹೋಗುತ್ತದೆ. ಚಿತ್ರವೇ ಹೋಗುತ್ತದೆ. ಕೆಳಗೆ ಉಳಿಯುವುದು ದೇವರು ಕೊಟ್ಟ ಮುಖ. ತಳಚಿತ್ರ ತೆಗೆಯಲು ಸಾಹೇಬರ ಕೀಲಿ ಬೇಕು, ಮೇಲೊಂದು ಲೇಯರ್ ಹಾಕಲು ಯಾರ ಅಪ್ಪಣೆಯೂ ಬೇಡ. ಇವರ ಕಾನೂನೆಲ್ಲ ಹಾಗೆಯೇ ಅಲ್ಲವೇ!

ಆದರೆ ಅದಕ್ಕೊಂದು ಬೆಲೆ ಇತ್ತು. ಗೋಡೆಯ ಈ ಕಡೆ ನಿಂತು ಕೂಗಿ ಹೇಳಿದೆ. "ಅಕ್ಕಾ, ಕೇಳು. ಅಕ್ಷರ ಅಳಿಸಿ ಹೊಕ್ಕಾವು. ಆದ್ರ ತಳಚಿತ್ರಾನೂ ಹೊಕ್ಕೈತಿ. ಬಸ್ಸಿನ ಬಾಗಿಲಾ ನಿನ್ನ ಗುರುತು ಹಿಡಿಯೂದಿಲ್ಲ. ರೇಶನ್ ಅಂಗಡಿ ಹಿಡಿಯೂದಿಲ್ಲ. ದವಾಖಾನಿ ಪಾಳಿಯೊಳಗ ನಿನ್ನ ಹೆಸರು ಬರೂದಿಲ್ಲ. ಯಂತ್ರದ ಲೆಕ್ಕಕ್ಕ ನೀ ಇಲ್ಲಾಕಿ ಆಗ್ತೀ. ತಿರುಗಿ ಬರೂ ಹಾದಿ ಇಲ್ಲ."

ಆ ಕಡೆ ರೊಟ್ಟಿ ತಟ್ಟುವ ಸಪ್ಪಳ ನಿಂತಿತು.

"ಮಾರಿ ಮ್ಯಾಲೆ ವಿಷಾ ಬರಕೊಂಡು ಬಸ್ ಹತ್ತೂದಕಿಂತ ನಡಕೋತ ಹೊಕ್ಕೀನಿ" ಎಂದಳು. ಮತ್ತೆ ತಟ್ಟತೊಡಗಿ, "ಇದರಾಗ ನಿಂದೇನ ಲಾಭ? ಮತ್ತೇನರ ಮಸಲತ್ತ ಮಾಡೀ ಏನ?"

"ಲಾಭ ಇಲ್ಲ, ಮಣ್ಣೂ ಇಲ್ಲ. ನೌಕರಿ ಹೊಕ್ಕೈತಿ ನಂದು."

"ಹೋದ್ರ ಹೋಗ್ಲಿ. ಆ ಸಾಹೇಬನ ಮುಂದ ಮಾಡು. ಕದ್ದು ಮಾಡಿದ್ರ ನನಗ ಬ್ಯಾಡ. ನಾ ಏನ ಕಳ್ಳಿ ಅಲ್ಲ."

ಮರುದಿನ ಮಧ್ಯಾಹ್ನ ಸಾವಂತ್ರವ್ವ ಇಳಕಲ್ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೇಂದ್ರದ ನಿಯಂತ್ರಣ ಕೋಣೆಗೇ ನುಗ್ಗಿದಳು. ಬಾಗಿಲಲ್ಲಿದ್ದವನು ತಡೆಯಲಿಲ್ಲ, ಅಕ್ಷರ ನೋಡಿ ಮೂರು ಹೆಜ್ಜೆ ದೂರ ಸರಿದ. ಇನಾಮದಾರ ಸಾಹೇಬರು ಹೊರಗೆ ಬಂದರು.

"ಏನಪಾ ಸಾಹೇಬ," ಸಾವಂತ್ರವ್ವನ ಗಂಟಲು ಕೋಣೆಯನ್ನೇ ನಡುಗಿಸಿತು, "ನನ್ನ ರೊಟ್ಟಿ ಕಸಗೊಂಡು ನೀ ಯಾವ ಬಾಯಿಲೆ ಉಣ್ತೀ? ನಿನ್ನ ತಾಯಿ ಹಣಿ ಮ್ಯಾಲೆ ಹಿಂಗ ಬರದಿದ್ರ ಸುಮ್ಮಕಿರತಿದ್ದೇನ?"

ನಮಗೆಲ್ಲ ಕಂಡದ್ದೇನು? ‘ಎಚ್ಚರ! ವಿಷದ ಊಟ’ ಎಂಬ ಅಕ್ಷರಗಳು ಸುಕ್ಕಾಗಿ ಕುಣಿಯುತ್ತಿರುವ, ಸುಮ್ಮನೆ ನಗುತ್ತಿರುವ ಒಂದು ಮುಖ. ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಸಾಹೇಬರೂ ನಕ್ಕರು.

"ಅವ್ವಾರ, ನೀವ ನಗ್ಲಿಕತ್ತೀರಲ್ಲ. ಅಂಥಾ ತ್ರಾಸ ಏನೂ ಕಾಣವಲ್ದು."

ಅದನ್ನು ಕೇಳಿ ನನ್ನ ಮೈ ಉರಿಯಿತು. ನಕಲು ಮೊದಲೇ ಸಿದ್ಧವಿತ್ತು. ಮೇಲಿಟ್ಟೆ, ಡಿಫರೆನ್ಸ್ ಒತ್ತಿದೆ.

ಅಕ್ಷರ ಮಾಯವಾಯಿತು. ನಗು ಮಾಯವಾಯಿತು. ಅಲ್ಲಿ ನಿಂತಿದ್ದವಳು ಅರವತ್ತು ದಾಟಿದ ಒಬ್ಬ ಹೆಂಗಸು. ಒಲೆಯ ಝಳಕ್ಕೆ ಕಪ್ಪಾದ ಕೆನ್ನೆ, ಮೂಗಿನ ಎರಡೂ ಕಡೆ ಆಳವಾದ ಗೆರೆ, ಗದ್ದದ ಮೇಲೆ ನಾನು ಮರೆತೇಬಿಟ್ಟಿದ್ದ ಹಸಿರು ಹಚ್ಚೆಯ ಚುಕ್ಕಿ. ಕಣ್ಣು ಕೆಂಪಾಗಿ ತುಂಬಿದ್ದವು. ತುಟಿ ಅದುರುತ್ತಿತ್ತು. ಹುಬ್ಬುಗಳು ಒಂದಕ್ಕೊಂದು ಬಡಿದುಕೊಳ್ಳುವಷ್ಟು ಗಂಟಾಗಿದ್ದವು. ಒಂಬತ್ತು ವರ್ಷದ ಮೇಲೆ ನಾವು ಸಿಟ್ಟು ನೋಡಿದೆವು.

ನಕ್ಕವಳು ಬಾಯಿಗೆ ಕೈ ಅಡ್ಡ ಹಿಡಿದಳು. ಸಾಹೇಬರು ಹಿಂದೆ ಹಿಂದೆ ಸರಿದು ಕುರ್ಚಿಗೆ ಎಡವಿ, ಅದರ ಮೇಲೇ ಕೂತರು.

"ಈಗ ಕಾಣತೈತೇನ ತ್ರಾಸ?" ಎಂದಳು ಸಾವಂತ್ರವ್ವ. ಈ ಸಲ ಮೆಲ್ಲಗೆ.

ಸಾಹೇಬರು ಆಕೆಯನ್ನು ನೋಡಲಾರದೆ ನನ್ನ ಕಡೆ ತಿರುಗಿದರು. ಮುಖ ನಗುತ್ತಿತ್ತು, ದನಿ ನಡುಗುತ್ತಿತ್ತು. "ಏನ ಮಾಡಿದ್ರಿ ಇದು? ಮದಲಿನಂಗ ಮಾಡ್ರಿ, ಈಗಿಂದೀಗ! ಆ ಮ್ಯಾಲಿನ ಲೇಯರ್ ತಗೀರಿ!"

"ತಗೀಲಿಕ್ಕೆ ಬರೂದಿಲ್ರಿ" ಎಂದೆ. "ಫ್ಲ್ಯಾಟ್ ಮಾಡಿ ಸೇವ್ ಮಾಡೀನಿ. ನಮ್ಮ ಗದಗಿನವರ ಕೈ ರೂಢಿರಿ ಅದು."

ಪಕ್ಕದಲ್ಲಿ ರುದ್ರಪ್ಪ ಕೆಮ್ಮಿದ. ಕೆಮ್ಮೋ ನಗುವೋ ನನಗೆ ತಿಳಿಯಲಿಲ್ಲ.

ಸಾಹೇಬರು ಕೀಲಿ ಹಾಕಿ ನೋಡಿದರು. ಏನು ತೆಗೆಯುತ್ತಾರೆ? ಒಳಗೆ ಕಪ್ಪು ಬಿಟ್ಟರೆ ಏನೂ ಇರಲಿಲ್ಲ. ಹೊಸ ಎಚ್ಚರಿಕೆ ಬರೆಯೋಣವೆಂದರೆ ಯಂತ್ರಕ್ಕೆ ಆಕೆ ಯಾರೆಂದೇ ಗೊತ್ತಿಲ್ಲ. ನನ್ನನ್ನು ಅಲ್ಲಿಯೇ ಕೆಲಸದಿಂದ ತೆಗೆದರು. ಬಾಗಿಲಲ್ಲಿದ್ದವನು ನಗುನಗುತ್ತ ನನ್ನ ಬುತ್ತಿ ಡಬ್ಬಿ ತಂದು ಕೈಗಿತ್ತ. ಬಸ್ಸಿನ ಬಾಗಿಲು ಸಾವಂತ್ರವ್ವನಿಗೆ ತೆರೆಯಲಿಲ್ಲ. ಇಬ್ಬರೂ ಬೆಟಗೇರಿಗೆ ನಡೆದೇ ಹೋದೆವು, ಆಕೆ ರಸ್ತೆಯ ಆ ಬದಿ, ನಾನು ಈ ಬದಿ. ದಾರಿಯುದ್ದಕ್ಕೂ ಜನ ನಿಂತು ಆಕೆಯನ್ನು ನೋಡಿದರು. ಒಂದು ಮಗು ಬೆದರಿ ಅತ್ತಿತು. ಒಬ್ಬ ಮುದುಕ ಮಾತ್ರ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತ, ಯಾಕೋ.

ಮರುದಿನ ಊಟದ ಹೊತ್ತಿಗೆ ಖಾನಾವಳಿಯ ಮುಂದೆ ಹಮಾಲರು ಗುಂಪುಗೂಡಿದ್ದರು. ಒಳಗೆ ಬರುವ ಧೈರ್ಯ ಯಾರಿಗೂ ಇಲ್ಲ. ಆ ಸೋಮವಾರ ಆಸ್ಪತ್ರೆ ಸೇರಿದ್ದ ದ್ಯಾಮಣ್ಣ ಎಂಬವನು ಹೊಸ್ತಿಲ ತನಕ ಬಂದ.

"ಎಕ್ಕಾ, ಸಿಟ್ಟಾಗೀಯೇನ?"

"ಸಿಟ್ಟ ಬರದ ಮತ್ತೇನ ಬರಬೇಕಲೇ, ಹಾದರಗಿತ್ತಿ ಮಗನ!" ಸಾವಂತ್ರವ್ವ ಸೌಟು ಹಿಡಿದು ಎದ್ದಳು. "ನಿನಗ ಜ್ವರ ಬಂದಾಗ ಗಂಜಿ ಕಾಸಿ ಹಾಕಿದ ಕೈ ಐತಿ ಇದು. ಈ ಕೈಯಾಗ ವಿಷಾ ಐತೇನ? ನೋಡಲೇ!" ಹಂಚಿನಿಂದ ಆಗಷ್ಟೇ ತೆಗೆದ ರೊಟ್ಟಿ ಮುರಿದು, ಎಣ್ಣೆಗಾಯಿಗೆ ಒತ್ತಿ, ಬಾಯಿಗಿಟ್ಟು, ಅವನನ್ನೇ ದುರುಗುಟ್ಟಿ ನೋಡುತ್ತ ಅಗಿದಳು. ಕಣ್ಣಿನಿಂದ ನೀರು ಇಳಿದು ಗದ್ದದ ಹಚ್ಚೆಯ ಮೇಲೆ ಬಂತು. ಒರೆಸಿಕೊಳ್ಳಲಿಲ್ಲ.

ದ್ಯಾಮಣ್ಣ ಆ ಮುಖವನ್ನು ನೋಡುತ್ತ ನಿಂತ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಮಣೆಯ ಮೇಲೆ ಕೂತ. "ತಪ್ಪಾತ ಎಕ್ಕಾ. ಎರಡ ರೊಟ್ಟಿ ಹಾಕು. ಬೈಯಿ, ಆದ್ರ ಹಾಕು." ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಆಕೆ ಒಬ್ಬೊಬ್ಬರಿಗೂ ಹೆಸರು ಹಿಡಿದು ಬೈದು, ಒಬ್ಬೊಬ್ಬರಿಗೂ ಬಡಿಸಿದಳು. ಅವತ್ತು ಹಸುಗಳಿಗೆ ಏನೂ ಉಳಿಯಲಿಲ್ಲ.

ಎಲ್ಲ ಎದ್ದು ಹೋದ ಮೇಲೆ ನಾನು ಹೋಗಿ ಬಾಗಿಲಲ್ಲಿ ನಿಂತೆ.

"ಇನ್ನರ ನಂಬತೀಯೇನಕ್ಕಾ? ನಾ ದೂರು ಒತ್ತಿಲ್ಲ."

ಆಕೆ ನನ್ನ ಮುಖ ನೋಡಿ ಮೋರೆ ಸಿಂಡರಿಸಿದಳು. "ನಗಬ್ಯಾಡ ನನ್ನ ಮುಂದ."

"ನಗಾಕತ್ತಿಲ್ಲ. ಮುಟ್ಟಿ ನೋಡು ಬೇಕಾದ್ರ."

ಹಿಟ್ಟು ಹತ್ತಿದ ಕೈಯನ್ನು ಆಕೆ ನನ್ನ ಕೆನ್ನೆಗೆ ತಂದಳು. ಬೆರಳು ಒದ್ದೆಯಾದವು. ಒಂದು ಕ್ಷಣ ಆಕೆಯ ಕಣ್ಣು ಮೆತ್ತಗಾದದ್ದು ನನಗೆ ಕಾಣಿಸಿತು. ಕೂಡಲೇ ಕೈ ಎಳೆದುಕೊಂಡಳು. "ನೀರ ಹಚಗೊಂಡು ಬಂದೀಯೋ ಏನೋ, ಯಾರಿಗ್ಗೊತ್ತು? ಹೋಗು. ನೌಕರಿ ಹೋತಂತ ನಿನ್ನ ನಂಬಬೇಕೇನ? ನಂದು ಕಂಡಂಗ ನಿಂದೂ ಕಾಣ್ಲಿ, ಆಮ್ಯಾಲೆ ನೋಡೂಣು."

ರಂಡೆಮಗಂದು ಹಟ! ನಾನು ತಿರುಗಿ ಬಂದೆ. ರುದ್ರಪ್ಪನಿಗೆ ಹೇಳಿ ಕಳಿಸಿದೆ: ನಂದೂ ಮಾಡು. ಆತ ಎರಡು ಸಲ ಕೇಳಿದ, ಬಸ್ಸಿಲ್ಲ, ರೇಶನ್ ಇಲ್ಲ, ಗೊತ್ತೈತಲ್ಲ ತಂಗಿ, ಅಂತ. ಗೊತ್ತೈತಿ, ಮಾಡು ಅಂದೆ. ಆ ಬೆರಳುಗಳಿಗೆ ಹೇಳಿಕೊಡಬೇಕೇ?

ನೀರು ಬರುವ ದಿನ ಕೊಡ ಹಿಡಿದು ಹಿತ್ತಿಲಿಗೆ ಹೋದೆ. ನನ್ನನ್ನು ನೋಡಿ ಗಂಡ ಬಾಗಿಲಲ್ಲೇ ಚಹದ ಕಪ್ಪು ಹಿಡಿದು ನಿಂತುಬಿಟ್ಟಿದ್ದ. "ಇಂದೂ, ನಿನ್ನ ಹಣ್ಯಾಗ ಗೆರಿ ಎಷ್ಟಾಗ್ಯಾವಲ್ಲ" ಎಂದು ಮೆಲ್ಲಗೆ ಅಂದ. ಸಾವಂತ್ರವ್ವ ನಳದ ಕಟ್ಟೆಯ ಮೇಲೆ ಕೂತಿದ್ದಳು. ಎದ್ದು ಬಂದಳು. ನನ್ನ ಮುಖದ ಹತ್ತಿರ ಮುಖ ತಂದು, ಹಿಟ್ಟಿನಲ್ಲಿ ಹುಳು ಹುಡುಕುವಾಗಿನ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು.

"ಹೇಳ ಈಗ."

"ನಾ ಒತ್ತಿಲ್ಲಕ್ಕಾ."

ಆಕೆಯ ಹುಬ್ಬಿನ ಗಂಟು ನಿಧಾನವಾಗಿ ಬಿಚ್ಚಿತು. ಯಾವ ಲೇಯರೂ ಬಿಚ್ಚಿದ್ದಲ್ಲ, ತಾನೇ ಬಿಚ್ಚಿತು.

"ಹ್ಞೂಂ" ಎಂದಳು. "ಒತ್ತಿಲ್ಲ ನೀ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಥೂ, ಎಷ್ಟ ಮುದುಕಿ ಆಗೀಯಲೇ! ನನಗಿಂತ ಮುದುಕಿ ಕಾಣತೀ."

"ನಿನ್ನ ಮಾರಿ ನೋಡ್ಕೊಂಡೀ ಏನ ಕನ್ನಡಿಯೊಳಗ?"

ಅಷ್ಟರಲ್ಲಿ ನಳದಲ್ಲಿ ನೀರು ಬುಸುಗುಟ್ಟಿತು. ನಾನು ಕಣ್ಣೊರೆಸಿಕೊಳ್ಳುವುದರೊಳಗೆ ಆಕೆ ನನ್ನ ಕೊಡವನ್ನು ಕಾಲಿನಿಂದ ಸರಿಸಿ, ತನ್ನ ಕೊಡ ಇಟ್ಟಿದ್ದಳು.

"ಏ ಅಕ್ಕಾ! ಇವತ್ತ ನನ್ನ ಪಾಳಿ!"

"ಯಾವಾಕಿ ಹೇಳಿದ್ಲು ನಿನಗ?"

ಇಬ್ಬರೂ ಸೆರಗು ಸಿಕ್ಕಿಸಿಕೊಂಡೆವು. ಎದುರುಬದುರು ನಿಂತೆವು. ಓಣಿಯ ಜನ ಗೋಡೆಯ ಮೇಲೆ ಹತ್ತಿ ನೋಡಿದರು, ನನ್ನ ಗಂಡ ಚಹದ ಕಪ್ಪು ಕೆಳಗಿಟ್ಟು ಗಟ್ಟಿಯಾಗಿ ನಗತೊಡಗಿದ. ಅವತ್ತಿನ ಜಗಳ ರೊಟ್ಟಿ ತಟ್ಟುವ ಹೊತ್ತಿನ ತನಕ ನಡೆಯಿತು.